ಒಳಗಿನದು

ಹೊಳೆ ಬಳಸಿಕೊಂಡು ಹೋಗುವ ಕಡೆ ಒಂದು ಊರಿತ್ತು. ಬೆಳಗಾದರೆ ಹೊಳೆಯಿಂದ ಮಂಜೆದ್ದು ಊರನ್ನು ಮುಚ್ಚುತ್ತಿತ್ತು, ಹೊತ್ತು ನೆತ್ತಿಗೆ ಬಂದಾಗ ಬಿಡುತ್ತಿತ್ತು. ಆ ಊರಿನ ಕೆಲವು ಮನೆಗಳಲ್ಲಿ ರಕ್ತದ ಜೊತೆ ಇನ್ನೊಂದು ಇಳಿದು ಬರುತ್ತಿತ್ತು. ತೊಲೆಯೊಳಗೆ ಮರ ಕೊರೆಯುವ ಹುಳ ಇರುವ ಹಾಗೆ ಅದು ಮೈಯೊಳಗೆ ಇರುತ್ತಿತ್ತು. ತಾಯಿಯಿಂದ ಮಗಳಿಗೆ ಇಳಿಯುತ್ತಿತ್ತು, ತಂದೆಯಿಂದ ಮಗನಿಗೆ ಇಳಿಯುತ್ತಿತ್ತು, ಒಡಹುಟ್ಟಿದವರಲ್ಲಿ ಒಬ್ಬರನ್ನು ಹಿಡಿದು ಇನ್ನೊಬ್ಬರನ್ನು ಬಿಡುತ್ತಿತ್ತು. ಹೆಚ್ಚು ಕಾಲ ಮಲಗಿರುತ್ತಿತ್ತು. ಕೆಲವರಲ್ಲಿ ಅವರು ಮುಪ್ಪಾಗಿ ಸಾಯುವವರೆಗೂ ಏಳುತ್ತಿರಲಿಲ್ಲ. ಕೆಲವರಲ್ಲಿ ಏಳುತ್ತಿತ್ತು. ಎದ್ದರೆ ಕೊರೆಯುತ್ತಿತ್ತು. ಹೆಸರಿಟ್ಟರೆ ಕರೆದಂತಾದೀತೆಂದು ಹೆದರಿ ಊರವರು ಅದಕ್ಕೆ ಹೆಸರೇ ಇಟ್ಟಿರಲಿಲ್ಲ. ಒಳಗಿನದು ಅನ್ನುತ್ತಿದ್ದರು, ಅದೂ ದನಿ ತಗ್ಗಿಸಿ.

ಊರ ಹಿಂದಿನ ಗುಡ್ಡದ ಮೇಲೆ ಆಲಿಸುವವಳಿದ್ದಳು. ಬೆನ್ನಿಗೆ ಕಿವಿಯಿಟ್ಟರೆ ಮಲಗಿರುವುದರ ಉಸಿರು ಅವಳಿಗೆ ಕೇಳಿಸುತ್ತಿತ್ತು. ಕೇಳಿ ಒಂದೇ ಮಾತು ಹೇಳುತ್ತಿದ್ದಳು: ಒಂದೋ ಇದೆ, ಅಲ್ಲದಿದ್ದರೆ ಇಲ್ಲ. ಯಾವಾಗ ಏಳುತ್ತದೆ ಅಂತ ಅವಳು ಹೇಳುತ್ತಿರಲಿಲ್ಲ. ಅದು ಅವಳಿಗೂ ಹೇಳುತ್ತಿರಲಿಲ್ಲ. ಮಕ್ಕಳ ಬೆನ್ನಿಗೆ ಅವಳು ಕಿವಿಯಿಡುತ್ತಿರಲಿಲ್ಲ. ಬೆಳೆದವರು ತಮ್ಮ ಕಾಲಲ್ಲಿ ತಾವೇ ಹತ್ತಿ ಬಂದು ಕೇಳಬೇಕಿತ್ತು. ಆ ಊರಿನ ಕಟ್ಟಳೆಯೆಂದರೆ ಇಷ್ಟು: ಒಳಗಿನದು ಇಳಿದು ಬರುವ ಮನೆಯವರು ಮದುವೆಯ ವೀಳ್ಯ ಹಿಡಿಯುವ ಮೊದಲು ಗುಡ್ಡ ಹತ್ತಬೇಕು, ಕೇಳಿದ ಮಾತನ್ನು ಇಳಿದು ಬಂದು ನೆರೆದವರೆದುರು ತಮ್ಮ ಬಾಯಿಂದಲೇ ಹೇಳಬೇಕು. ಹೇಳಿದ ಮೇಲೆ ವೀಳ್ಯ ಹಿಡಿಯುವವರು ಹಿಡಿಯಬಹುದು, ಎದ್ದು ಹೋಗುವವರು ಹೋಗಬಹುದು. ಯಾರೂ ಯಾರನ್ನೂ ಬೈಯುವಂತಿಲ್ಲ.

ಹೊಳೆದಂಡೆಯಲ್ಲಿ ಆಪು ಹುಲ್ಲು ಕುಯ್ದು ಚಾಪೆ ಹೆಣೆಯುವ ಹುಡುಗಿಯೊಬ್ಬಳಿದ್ದಳು. ಅವಳದ್ದು ಅಂಥ ಮನೆ. ಅವಳು ಚಿಕ್ಕವಳಿದ್ದಾಗ ಒಂದು ಮಧ್ಯಾಹ್ನ ತಾಯಿಯ ಪಕ್ಕ ಮಲಗಿದ್ದಳು. ತಾಯಿ ಆ ಕಡೆ ಹೊರಳಿದ್ದಳು, ಮಗುವಿನ ಕಿವಿ ಅವಳ ಬೆನ್ನಿಗೆ ತಾಗಿತ್ತು. ಒಳಗೆ ಏನೋ ಕೆರೆಯುವ ಸದ್ದು. ಗೋಡೆಯಾಚೆ ಇಲಿ ಏನನ್ನೋ ಕಡಿಯುತ್ತಿರುವ ಹಾಗೆ ಸಣ್ಣಗೆ, ಬಿಡದೆ. ಮಗು ಕಿವಿ ತೆಗೆಯಿತು. ಯಾರಿಗೂ ಹೇಳಲಿಲ್ಲ. ಮುಂದಿನ ಆಪಿನ ಕುಯ್ಲಿಗೆ ತಾಯಿ ಇರಲಿಲ್ಲ. ತಾಯಿಯ ತಾಯಿಯೂ ಹಾಗೆಯೇ ಹೋಗಿದ್ದಳಂತೆ. ತಂದೆ ಆ ಮೇಲೆ ಹೆಚ್ಚು ದಿನ ಊರಲ್ಲಿ ನಿಲ್ಲಲಿಲ್ಲ. ಹೊಳೆಯಾಚೆ ಹೋದವನು ತಿರುಗಿ ಬರಲಿಲ್ಲ.

ಹುಡುಗಿಯನ್ನು ಬೆಳೆಸಿದವಳು ತಾಯಿಯ ಅಕ್ಕ. ದೊಡ್ಡಮ್ಮ ಮದುವೆಯಾಗಿರಲಿಲ್ಲ. ಪ್ರಾಯದಲ್ಲಿ ಗಾಣದವನು ಅವಳನ್ನು ಕೇಳಿದ್ದ. ಗುಡ್ಡ ಹತ್ತಲು ಹೆದರಿ ಅವಳು ನಾಳೆ ಎಂದಳು, ಆಮೇಲೆ ಸುಗ್ಗಿ ಕಳೆಯಲಿ ಎಂದಳು. ಅವನು ಕಾದು ಕಾದು ಬೇರೆ ಕಡೆ ಹೆಣ್ಣು ತಂದ. "ಕೇಳಿಸಿಕೊಂಡರೆ ಅದಕ್ಕೆ ಎಚ್ಚರ ಆಗುತ್ತೆ ಕೂಸೇ," ಎನ್ನುತ್ತಿದ್ದಳು ದೊಡ್ಡಮ್ಮ. "ಮಲಗಿರೋದನ್ನ ಯಾಕೆ ತಟ್ಟಬೇಕು?"

ಅದಕ್ಕೆ ಎಚ್ಚರವಾಗದ ಹಾಗೆ ದೊಡ್ಡಮ್ಮ ಬದುಕುತ್ತಿದ್ದಳು. ಕಾಲೆತ್ತಿ ಇಡುವಾಗ ಮೊದಲು ಬೆರಳೂರಿ ಆಮೇಲೆ ಹಿಮ್ಮಡಿ ಊರುತ್ತಿದ್ದಳು. ಒಲೆಯಿಂದ ಪಾತ್ರೆಯನ್ನು ಸದ್ದಿಲ್ಲದೆ ಇಳಿಸುತ್ತಿದ್ದಳು. ಬಿಸಿ ತಿನ್ನುತ್ತಿರಲಿಲ್ಲ. ನಗು ಬಂದರೆ ಸೆರಗನ್ನು ಬಾಯಿಗೆ ಒತ್ತಿಕೊಳ್ಳುತ್ತಿದ್ದಳು. ಕೆಮ್ಮು ಬಂದರೆ ಹೊಳೆದಂಡೆಗೆ ಹೋಗಿ ಕೆಮ್ಮಿ ಬರುತ್ತಿದ್ದಳು, ಅದು ಮನೆಯಲ್ಲಿಲ್ಲ, ತನ್ನೊಳಗೇ ಇದ್ದೀತು ಎಂಬುದನ್ನು ಮರೆತವಳಂತೆ. ಹುಡುಗಿಯೂ ಹಾಗೇ ಕಲಿತಳು. ಅವರಿಬ್ಬರೂ ಇದ್ದ ಮನೆ ಯಾರೂ ಇಲ್ಲದ ಮನೆಯ ಹಾಗೆ ಇರುತ್ತಿತ್ತು. ದಾರಿಯಲ್ಲಿ ಹೋಗುವವರು ಬಾಗಿಲು ತೆರೆದಿದ್ದರೂ ಕೂಗದೆ ಹೋಗುತ್ತಿದ್ದರು.

ದೋಣಿಯವನು ಮಾತ್ರ ಕೂಗಿದ. ದೋಣಿಯೊಳಗೆ ಹಾಸಲು ಅವನಿಗೆ ಚಾಪೆ ಬೇಕಾಗಿತ್ತು. ಒಂದು ಚಾಪೆ ಒಯ್ದ, ಅದು ನೆನೆಯಿತೆಂದು ಇನ್ನೊಂದಕ್ಕೆ ಬಂದ, ಅದು ಹರಿಯಿತೆಂದು ಮತ್ತೆ ಬಂದ. ಅವನ ದೋಣಿಯಲ್ಲಿ ಹಾಸಲು ಅಷ್ಟು ಜಾಗವಿಲ್ಲವೆಂದು ಹುಡುಗಿಗೆ ಗೊತ್ತಿತ್ತು. ಕೊನೆಗೊಂದು ದಿನ ಅವನು ಚಾಪೆ ಕೇಳಲಿಲ್ಲ.

"ನಿನ್ನನ್ನೇ ಕೇಳೋಣ ಅಂತ ಬಂದೆ," ಎಂದ.

ಹುಡುಗಿಯ ಕೈಯಲ್ಲಿದ್ದ ಆಪಿನ ಎಳೆ ನಿಂತಿತು. "ನಮ್ಮ ಮನೇಲಿ ಅದು ಇದೆ," ಎಂದಳು.

"ಗೊತ್ತು. ಊರಿಗೆಲ್ಲ ಗೊತ್ತು. ನಿನಗೆ ಇದೆಯಾ?"

"ಕೇಳಿಸಿಕೊಂಡಿಲ್ಲ."

"ಹಾಗಾದರೆ ಕೇಳಿಸ್ಕೊಂಡು ಬಾ. ನಾನು ಇಲ್ಲೇ ಇರ್ತೀನಿ."

ಅವಳು ಮರುದಿನ ಹೊರಟಳು. ಗುಡ್ಡಕ್ಕೆ ಕಲ್ಲು ಮೆಟ್ಟಿಲುಗಳಿದ್ದವು, ಮಂಜಿನಲ್ಲಿ ಮುಂದಿನ ಮೆಟ್ಟಿಲೊಂದೇ ಕಾಣುತ್ತಿತ್ತು. ಅರ್ಧ ಹತ್ತಿ ನಿಂತಳು. ಮೇಲೆ ಹೋದರೆ ಒಂದು ಮಾತು ಕಾಯುತ್ತಿದೆ, ಆ ಮಾತು ಕೇಳಿದ ಮೇಲೆ ಕೇಳದವಳಾಗಿ ಇಳಿಯಲು ಆಗುವುದಿಲ್ಲ ಎಂದುಕೊಂಡಳು. ತಿರುಗಿ ಇಳಿದಳು. ಇನ್ನೊಮ್ಮೆ ಹತ್ತಿದಳು, ಇಳಿದಳು. ಆಪು ಬೆಳೆಯಿತು, ಕುಯ್ದರು, ಮತ್ತೆ ಬೆಳೆಯಿತು. ದೋಣಿಯವನು ದಿನಾ ಸಂಜೆ ಹೊಳೆಯಿಂದ ಬರುವಾಗ ಅವಳ ಮುಖ ನೋಡುತ್ತಿದ್ದ, ನೋಡಿ ಮನೆಗೆ ಹೋಗುತ್ತಿದ್ದ.

ಒಂದು ದಿನ ದೋಣಿಯವನ ತಾಯಿ ಬಂದಳು. ಒಳಗೆ ಬರಲಿಲ್ಲ, ಹೊಸ್ತಿಲ ಹೊರಗೆ ಕೂತಳು.

"ಮಗಳೇ, ನಿನ್ನ ಮೇಲೆ ನನಗೆ ಸಿಟ್ಟಿಲ್ಲ," ಎಂದಳು. "ನಿನ್ನ ಅಮ್ಮ, ನಾನು ಒಂದೇ ನೀರಿಗೆ ಬಿಂದಿಗೆ ಹಿಡಿದವರು. ಕೊನೇ ದಿನಗಳಲ್ಲಿ ಅವಳನ್ನ ನೋಡೋಕೆ ಬಂದಿದ್ದೆ. ಅವಳ ಕೈ ಹಿಡ್ಕೊಂಡರೆ ಒಳಗೇನೂ ಉಳಿದಿರಲಿಲ್ಲ, ಬರೀ ತೊಗಲು. ಹೊಳೆಯಾಚೆ ಅದನ್ನ ತೆಗೆಯೋರಿದ್ದಾರಲ್ಲ, ಮೊದಲೇ ಹೋಗಬಾರದಿತ್ತಾ ಅಂದೆ. ಮೊದಲೇ ಕೇಳಿಸ್ಕೊಳ್ಳೋಕೆ ಧೈರ್ಯ ಬರಲಿಲ್ಲ ಕಣೇ ಅಂದಳು." ಅವಳು ಸೆರಗಿನಿಂದ ಮೂಗೊರೆಸಿಕೊಂಡಳು. "ನನಗಿರೋನು ಒಬ್ಬನೇ ಮಗ. ನಾಳೆ ಮೊಮ್ಮಗು ಮಗ್ಗುಲಲ್ಲಿ ಮಲಗಿದರೆ ನಾನು ಅದನ್ನ ಮುದ್ದು ಮಾಡ್ತೀನೋ, ಸದ್ದು ಕೇಳ್ತೀನೋ? ನನಗೆ ಭಯ. ಅಷ್ಟೇ ಹೇಳೋಕೆ ಬಂದೆ."

ಆ ಹೆಂಗಸು ಹೇಳಿದ್ದು ಹುಡುಗಿಯ ಮನಸ್ಸಿನಲ್ಲೇ ಇದ್ದ ಮಾತಾಗಿತ್ತು.

ದೊಡ್ಡಮ್ಮ ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದಳು. ದೋಣಿಯವನ ತಾಯಿ ಹೋದ ಮೇಲೆ ಬಂದು ಹುಡುಗಿಯ ಎದುರು ಕೂತಳು.

"ನಾಳೆ ಹತ್ತೋಣ," ಎಂದಳು. "ನಾನೂ ಬರ್ತೀನಿ."

"ನೀನ್ಯಾಕೆ ದೊಡ್ಡಮ್ಮ? ನಿನಗೀಗ..."

"ನೀನು ಒಬ್ಬಳೇ ಹತ್ತೋಳಲ್ಲ. ನಾನು ಮೊದಲು ಕೂರ್ತೀನಿ. ನೋಡ್ಕೋ. ಕೂತು ಎದ್ದೇಳಬಹುದು ಅಂತ ನಿನಗೆ ಗೊತ್ತಾಗಲಿ."

ಮರುದಿನ ಮಂಜಿನಲ್ಲಿ ಇಬ್ಬರೂ ಹತ್ತಿದರು. ದೊಡ್ಡಮ್ಮ ಬೆರಳೂರಿ, ಹಿಮ್ಮಡಿ ಊರಿ, ಮೆಲ್ಲಗೆ ಹತ್ತಿದಳು. ಹುಡುಗಿ ಅವಳ ಸೆರಗಿನ ತುದಿ ಹಿಡಿದಿದ್ದಳು. ಮೇಲೆ ಮಣ್ಣಿನ ಮನೆ, ಅದಕ್ಕೆ ಒಂದೇ ಕೋಣೆ. ಆಲಿಸುವವಳು ಬಹಳ ಮುದುಕಿಯೆಂದು ಹುಡುಗಿ ಎಣಿಸಿದ್ದಳು. ಹಾಗಿರಲಿಲ್ಲ. ನಡುವಯಸ್ಸಿನವಳು, ಹಸಿ ಕೂದಲು ಬೆನ್ನಿನ ಮೇಲಿತ್ತು, ಆಗತಾನೆ ಮಿಂದವಳು. ಕಿವಿಗೆ ಓಲೆ ಇರಲಿಲ್ಲ. ಇಬ್ಬರನ್ನೂ ನೋಡಿ, "ಯಾರು ಮೊದಲು?" ಎಂದಳು.

ದೊಡ್ಡಮ್ಮ ಕೂತಳು, ಬೆನ್ನು ಕೊಟ್ಟಳು. ಆಲಿಸುವವಳು ಕಿವಿಯಿಟ್ಟಳು. ಎಡಕ್ಕೆ, ನಡುವೆ, ಬಲಕ್ಕೆ. ತನ್ನ ಉಸಿರೇ ದೊಡ್ಡದಾಗಿ ಕೇಳಿಸಿ ಹುಡುಗಿ ಬಾಯಿ ಮುಚ್ಚಿಕೊಂಡಳು.

"ಇಲ್ಲ," ಎಂದಳು ಆಲಿಸುವವಳು.

ದೊಡ್ಡಮ್ಮ ಅಲುಗಲಿಲ್ಲ. "ಇನ್ನೊಂದು ಸಲ ಕೇಳು ಅವ್ವಾ," ಎಂದಳು.

ಆಲಿಸುವವಳು ಮತ್ತೆ ಕಿವಿಯಿಟ್ಟಳು. "ಇಲ್ಲ."

"ಈಗ ಇಲ್ಲ. ಮೊದಲು ಇತ್ತೇನೋ. ಇದ್ದು, ನಾನು ಸುಮ್ಮನಿದ್ದೆ ಅಂತ, ಎಲ್ಲಾದರೂ ಹೊರಟು ಹೋಗಿರಬಹುದು ಅಲ್ವಾ?"

"ಅದು ಹಾಗೆ ಹೋಗೋದಲ್ಲಮ್ಮ. ನಿನ್ನಲ್ಲಿ ಅದು ಎಂದೂ ಇರಲಿಲ್ಲ."

ಸಂತೋಷದ ಮಾತು ಅದು. ಆದರೆ ದೊಡ್ಡಮ್ಮನ ಮುಖ ನೋಡಿ ಹುಡುಗಿ ಹಿಂದಕ್ಕೆ ಸರಿದಳು. ತಾಯಿ ಸತ್ತಾಗಲೂ ಆ ಮುಖದಲ್ಲಿ ಅಂಥದ್ದನ್ನು ಕಂಡಿರಲಿಲ್ಲ. ದೊಡ್ಡಮ್ಮನ ಬಾಯಿ ತೆರೆಯಿತು, ಮುಚ್ಚಿತು. ಕೈ ಸೆರಗನ್ನು ಹುಡುಕಿ, ಬಾಯಿಗೆ ಒತ್ತಲು ಎತ್ತಿ, ಅಲ್ಲೇ ನಿಂತಿತು. ಇನ್ನು ಯಾರಿಗೆ ಕೇಳಿಸಬಾರದೆಂದು ಒತ್ತಬೇಕು? ಆಗ ಅವಳು ಕೂಗಿದಳು. ಅದು ಅಳುವಲ್ಲ, ಮಾತಲ್ಲ. ಪ್ರಾಯದಿಂದ ಇಲ್ಲಿಯವರೆಗೆ ಮನೆಯೊಳಗೆ ಕೆಮ್ಮದೆ, ನಗದೆ, ಯಾರ ಹೆಸರನ್ನೂ ಕೂಗದೆ ಹಿಡಿದಿಟ್ಟಿದ್ದೆಲ್ಲ ಒಟ್ಟಿಗೆ ಬಂತು. ಗುಡ್ಡದ ಕೆಳಗೆ ಗಾಣ ತಿರುಗಿಸುತ್ತಿದ್ದ ಎತ್ತುಗಳು ನಿಂತವಂತೆ. ಆಮೇಲೆ ಜನ ಹೇಳಿದರು.

ಆಲಿಸುವವಳು ಅದು ಮುಗಿಯುವವರೆಗೆ ಕಾದಳು. ದೊಡ್ಡಮ್ಮನನ್ನು ಗೋಡೆಗೆ ಒರಗಿಸಿ ಕೂರಿಸಿ ನೀರು ಕೊಟ್ಟಳು. ಆಮೇಲೆ ಹುಡುಗಿಯನ್ನು ನೋಡಿದಳು.

ಹುಡುಗಿ ಕೂತಳು. ಬೆನ್ನಿಗೆ ಆ ಕಿವಿ ತಣ್ಣಗೆ ತಾಗಿತು. ಇಲ್ಲ ಅನ್ನಲಿ, ಎಂದುಕೊಂಡಳು. ದೊಡ್ಡಮ್ಮನಿಗೆ ಸಿಕ್ಕಿದ ಮಾತು ಇನ್ನೂ ಈ ಕೋಣೆಯಲ್ಲೇ ಇದೆ, ನನಗೂ ಅದನ್ನೇ ಕೊಡಲಿ. ಆಲಿಸುವವಳು ಕಿವಿಯನ್ನು ಎಲ್ಲಿಗೂ ಸರಿಸಲಿಲ್ಲ. ಇಟ್ಟಲ್ಲೇ ಇಟ್ಟಿದ್ದಳು. ಸರಿಸದೆ ಇದ್ದಾಗಲೇ ಹುಡುಗಿಗೆ ತಿಳಿದುಹೋಯಿತು.

"ಇದೆ," ಎಂದಳು ಆಲಿಸುವವಳು.

ಹೊರಗೆ ಮಂಜು ಬಿಡುತ್ತಿತ್ತು. ಹುಡುಗಿ ತನ್ನ ಕೈಗಳನ್ನು ನೋಡಿಕೊಂಡಳು. ಬೆಳಗ್ಗೆ ಇದ್ದ ಕೈಗಳೇ.

"ಮಲಗಿದೆ," ಎಂದಳು ಆಲಿಸುವವಳು. "ಗಾಢವಾಗಿ ಮಲಗಿದೆ. ವರ್ಷಕ್ಕೊಮ್ಮೆ ಹತ್ತಿ ಬಾ. ಅದು ಮಗ್ಗುಲು ಬದಲಿಸಿದ್ದರೆ ನನಗೆ ಗೊತ್ತಾಗುತ್ತೆ. ಆಗ ಹೊಳೆಯಾಚೆ ಹೋಗು. ಅಲ್ಲಿ ಕುಯ್ದು ತೆಗೀತಾರೆ. ನೋವಾಗುತ್ತೆ, ಮೈಯಲ್ಲಿ ಒಂದು ಭಾಗ ಬಿಟ್ಟು ಬರಬೇಕಾಗುತ್ತೆ. ಬದುಕ್ತೀಯ. ಸಾಯೋರು ಯಾರು ಗೊತ್ತಾ? ಹತ್ತಿ ಬರೋಕೆ ಹೆದರಿದವರು."

"ನಮ್ಮಮ್ಮ," ಎಂದಳು ಹುಡುಗಿ.

"ನಿಮ್ಮಮ್ಮ ಅರ್ಧ ದಾರಿಗೆ ಬಂದು ಬಂದು ಇಳಿದು ಹೋಗ್ತಿದ್ದಳು. ಕಿಟಕಿಯಿಂದ ಕಾಣ್ತಿತ್ತು. ಕರೆಯೋ ಹಾಗಿಲ್ಲ ನಾನು."

ವೀಳ್ಯದ ದಿನ ನೆರೆದವರೆದುರು ಹುಡುಗಿ ಎದ್ದು ನಿಂತಳು. "ಇದೆ," ಎಂದಳು. ಯಾರೋ ಮಗುವನ್ನು ಮಡಿಲಿಗೆ ಎಳೆದುಕೊಂಡರು. ದೋಣಿಯವನ ತಾಯಿ ಎದ್ದು ಸೆರಗು ಹೊದ್ದು ಮನೆಗೆ ಹೋದಳು. ಯಾರೂ ಅವಳನ್ನು ಬೈಯಲಿಲ್ಲ, ಕಟ್ಟಳೆ ಅದೇ ಇತ್ತು. ದೋಣಿಯವನು ಕೂತಿದ್ದ. ಅವನ ಹಣೆಯಲ್ಲಿ ಬೆವರಿತ್ತು.

"ಭಯ ಆಗ್ತಿದೆಯಾ?" ಎಂದು ಹುಡುಗಿ ಎಲ್ಲರೆದುರೇ ಕೇಳಿದಳು. "ಇಲ್ಲ ಅನ್ನಬೇಡ."

"ಆಗ್ತಿದೆ," ಎಂದ. ಎದ್ದು ಬಂದು ವೀಳ್ಯ ಹಿಡಿದ.

ಮದುವೆಯಾಯಿತು, ದೋಣಿಯವನು ಹುಡುಗಿಯ ಮನೆಯಲ್ಲೇ ನಿಂತ. ದೋಣಿಯವನ ತಾಯಿ ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ ಬಂದು, ಮಾತಿಲ್ಲದೆ ಒಲೆ ಮುಂದೆ ಕೂತು ರೊಟ್ಟಿ ತಟ್ಟಿಕೊಟ್ಟಳು. ಆಮೇಲೆ ಬರುತ್ತಿದ್ದಳು, ಹೋಗುತ್ತಿದ್ದಳು. ಮಗುವಿನ ಮಾತನ್ನು ಯಾರೂ ಎತ್ತಲಿಲ್ಲ. ಗಂಡ ಹೆಂಡತಿ ಒಬ್ಬರನ್ನೊಬ್ಬರು ಮುಟ್ಟುವಾಗಲೂ ಆ ಮಾತು ಇಬ್ಬರ ನಡುವೆ ಮಲಗಿರುತ್ತಿತ್ತು. "ನಮಗೆ ಬೇಡ," ಎಂದು ಅವಳು ಒಂದು ದಿನ ಅಂದಳು. "ಬೇಡ ಅಂದರೆ ಬೇಡ," ಎಂದ ಅವನು, ಬೇಗನೆ ಅಂದ. ಅಷ್ಟು ಬೇಗ ಅಂದನಲ್ಲ ಎಂದು ಅವಳಿಗೆ ಅಳು ಬಂತು. ಯಾಕೆಂದು ಅವನಿಗೆ ತಿಳಿಯಲಿಲ್ಲ, ಅವಳಿಗೂ ಪೂರ್ತಿ ತಿಳಿದಿರಲಿಲ್ಲ.

ವರ್ಷಕ್ಕೊಮ್ಮೆ ಅವಳು ಗುಡ್ಡ ಹತ್ತಿದಳು. ಹತ್ತುವ ಮೊದಲಿನ ದಿನಗಳಲ್ಲಿ ಅನ್ನ ಇಳಿಯುತ್ತಿರಲಿಲ್ಲ. "ಮಲಗಿದೆ," ಎಂಬ ಮಾತು ಕೇಳಿ ಇಳಿದ ಮೇಲೆ ಕೆಲವು ದಿನ ಹಗುರಾಗಿರುತ್ತಿದ್ದಳು, ಮತ್ತೆ ಭಾರವಾಗುತ್ತಿದ್ದಳು. ಹೀಗೆಯೇ ಇರುವಾಗ, ಬೇಡವೆಂದುಕೊಂಡಿದ್ದೇ ಆಯಿತು. ಅವಳು ಬಸುರಿಯಾದಳು.

ಗಂಡನಿಗೂ ಹೇಳದೆ ಗುಡ್ಡ ಹತ್ತಿದಳು. ಓಡುತ್ತಲೇ ಹತ್ತಿದಳು.

"ಅವ್ವಾ, ನನ್ನ ಬೆನ್ನಲ್ಲ. ಹೊಟ್ಟೆಗೆ ಕಿವಿಯಿಡು," ಎಂದಳು. "ಮಕ್ಕಳದ್ದು ಕೇಳೋಲ್ಲ ಅಂತೀಯ. ಇದಿನ್ನೂ ಹುಟ್ಟಿಲ್ಲ."

ಆಲಿಸುವವಳು ಯೋಚಿಸಿದಳು. "ಹುಟ್ಟೋವರೆಗೆ ಅದು ನೀನೇ," ಎಂದಳು. "ಕೇಳಬಲ್ಲೆ. ನಿನ್ನಂಥವರು ಎಷ್ಟೋ ಜನ ಬಂದು ಕೇಳಿಸ್ಕೊಂಡಿದ್ದಾರೆ. ಇದೆ ಅಂದಾಗ ಇಟ್ಟುಕೊಂಡವರಿದ್ದಾರೆ, ಇಟ್ಟುಕೊಳ್ಳದವರೂ ಇದ್ದಾರೆ. ಯಾರನ್ನೂ ನಾನು ತಪ್ಪು ಅನ್ನಲಿಲ್ಲ. ಆದರೆ ಕಿವಿಯಿಡೋಕೆ ಮೊದಲು ಎಲ್ಲರನ್ನೂ ಒಂದು ಮಾತು ಕೇಳ್ತೀನಿ. ಇದೆ ಅಂದರೆ ಏನು ಮಾಡ್ತೀಯ?"

ಇದೆ ಅಂದರೆ ಬೇಡವೆನ್ನುತ್ತೇನೆ ಎಂದುಕೊಂಡರೆ, ತನ್ನನ್ನು ಹೊತ್ತಿದ್ದಾಗ ತಾಯಿ ಇಲ್ಲಿ ಬಂದು ಕೂತಿದ್ದರೆ ಏನಾಗುತ್ತಿತ್ತು ಎಂದು ಅವಳಿಗೆ ಹೆದರಿಕೆಯಾಯಿತು. ಇದೆ ಅಂದರೂ ಹೆರುತ್ತೇನೆ ಎಂದುಕೊಂಡರೆ, ನಾಳೆ ಆ ಮಗು ತನ್ನ ಮುಖ ನೋಡಿ ಏನು ಕೇಳೀತು ಎಂದು ಅದಕ್ಕಿಂತ ಹೆದರಿಕೆಯಾಯಿತು. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೂತೇ ಇದ್ದಳು. ಕಿಟಕಿಯಾಚೆ ಮಂಜು ಕರಗಿ ಹೊಳೆ ಕಂಡಿತು, ಹೊಳೆಯಲ್ಲಿ ದೋಣಿ ಕಂಡಿತು. ಆಲಿಸುವವಳು ಅವಸರ ಮಾಡಲಿಲ್ಲ.

"ಬೇಡ," ಎಂದಳು ಕೊನೆಗೆ. "ಕೇಳಬೇಡ. ಧೈರ್ಯ ಬಂತು ಅಂತಲ್ಲ. ಎರಡು ಕಡೆಯೂ ಹೆದರಿಕೆ. ಅದಕ್ಕೆ."

ಇಳಿದು ಬಂದು ಗಂಡನಿಗೆ ಎಲ್ಲ ಹೇಳಿದಳು. ಅವನು ದೋಣಿಯ ಅಂಚಿನ ಮೇಲೆ ಕೂತುಬಿಟ್ಟ. "ನನ್ನನ್ನೂ ಕೇಳಬಹುದಿತ್ತು," ಎಂದ.

"ಕೇಳಿದ್ದರೆ ಏನನ್ನುತ್ತಿದ್ದೆ?"

ಅವನು ಬಗ್ಗಿ ಅವಳ ಪಾದಕ್ಕೆ ನಟ್ಟಿದ್ದ ಮುಳ್ಳೊಂದನ್ನು ಕಿತ್ತು ಹೊಳೆಗೆ ಎಸೆದ.

ಹೆಣ್ಣು ಮಗು ಹುಟ್ಟಿತು. ದೋಣಿಯವನ ತಾಯಿಯೂ ಬಂದು ನಿಂತಳು, ಮನೆಯಲ್ಲಿ ಇಬ್ಬರು ಮುದುಕಿಯರಾದರು. ದೋಣಿಯವನ ತಾಯಿ ಮಗುವನ್ನು ಎತ್ತಿಕೊಂಡರೆ ಬೆನ್ನನ್ನು ತನ್ನಿಂದ ಆಚೆ ತಿರುಗಿಸಿಯೇ ಎತ್ತಿಕೊಳ್ಳುತ್ತಿದ್ದಳು, ಕಿವಿ ತಪ್ಪಿಯೂ ತಾಗದ ಹಾಗೆ. ಅದು ಪ್ರೀತಿಯೋ ಭಯವೋ ಎಂದು ಕೇಳಿದರೆ ಅವಳಿಗೂ ಹೇಳಲಾಗುತ್ತಿರಲಿಲ್ಲ. ದೊಡ್ಡಮ್ಮ ಬೇರೆಯೇ ಆಗಿದ್ದಳು. ಗುಡ್ಡ ಹತ್ತಿ ಇಳಿದ ಆ ದಿನದಿಂದ ಅವಳು ನೆಲ ಅದುರುವ ಹಾಗೆ ನಡೆಯುತ್ತಿದ್ದಳು, ಪಾತ್ರೆಗಳನ್ನು ದಡಬಡ ಎತ್ತಿಡುತ್ತಿದ್ದಳು, ಬಿಸಿ ಬಿಸಿ ತಿಂದು ನಾಲಿಗೆ ಸುಟ್ಟುಕೊಳ್ಳುತ್ತಿದ್ದಳು. ಮಗುವನ್ನು ಹೊಳೆದಂಡೆಗೆ ಒಯ್ದು, "ಕೂಗು ಕೂಸೇ, ಆಚೆ ದಡಕ್ಕೆ ಕೇಳಬೇಕು," ಎಂದು ಕೂಗಲು ಕಲಿಸುತ್ತಿದ್ದಳು. ಕೂಗಿ ಕೂಗಿ ಇಬ್ಬರೂ ನಗುತ್ತಿದ್ದರು. ಕೆಲವೊಮ್ಮೆ ನಗು ನಡುವೆ ದೊಡ್ಡಮ್ಮ ತಟ್ಟನೆ ನಿಂತು ಗಾಣದ ಕಡೆ ನೋಡುತ್ತಿದ್ದಳು. ಮಗು ಅವಳ ಸೆರಗು ಜಗ್ಗುತ್ತಿತ್ತು.

ಮಗು ಬೆಳೆದು ಪ್ರಶ್ನೆ ಕೇಳುವ ವಯಸ್ಸಿಗೆ ಬಂತು. ಒಂದು ಬೆಳಗ್ಗೆ ತಾಯಿ ಗುಡ್ಡಕ್ಕೆ ಹೊರಟು ನಿಂತಾಗ ಬಾಗಿಲಿಗೆ ಅಡ್ಡ ನಿಂತಿತು.

"ಅಮ್ಮಾ, ಅಲ್ಲಿಗೆ ಯಾಕೆ ಹೋಗ್ತೀಯ? ಹೋಗೋಕೆ ಮೊದಲು ಊಟ ಯಾಕೆ ಮಾಡೋದಿಲ್ಲ?"

ಹೇಳಲು ಅವಳು ಒಂದು ಸುಳ್ಳನ್ನು ಎಷ್ಟೋ ದಿನದಿಂದ ಸಿದ್ಧಮಾಡಿ ಇಟ್ಟುಕೊಂಡಿದ್ದಳು. ಮಗಳ ಕಣ್ಣು ನೋಡಿದರೆ ಅದು ಬಾಯಿಗೆ ಬರಲಿಲ್ಲ. ಕೂತು, ಇದ್ದದ್ದನ್ನು ಇದ್ದ ಹಾಗೆ, ಚಿಕ್ಕ ಮಾತುಗಳಲ್ಲಿ ಹೇಳಿದಳು.

"ನನಗೂ ಇದೆಯಾ?"

"ಗೊತ್ತಿಲ್ಲ ಮಗಳೇ. ಇರಬಹುದು, ಇಲ್ಲದೆ ಇರಬಹುದು. ದೊಡ್ಡವಳಾದ ಮೇಲೆ ನಿನಗೆ ಕೇಳಬೇಕು ಅನ್ನಿಸಿದರೆ ನೀನೇ ಹತ್ತಿ ಕೇಳ್ಕೋಬಹುದು."

ಮಗು ಯೋಚಿಸಿತು. "ಹಾಗಾದರೆ ನನ್ನನ್ನ ಯಾಕೆ ಹೆತ್ತೆ?"

ಕೋಪದಿಂದ ಕೇಳಿದ್ದಲ್ಲ. ಹೊಳೆ ಯಾಕೆ ಹರಿಯುತ್ತದೆ ಎಂದು ಕೇಳುವ ದನಿಯಲ್ಲೇ ಕೇಳಿತು. ಆದರೆ ವೀಳ್ಯದ ದಿನಕ್ಕಿಂತಲೂ ಮೊದಲಿನಿಂದ ಅವಳು ಹೆದರಿದ್ದು ಇದೊಂದೇ ಪ್ರಶ್ನೆಗೆ. ಅದು ಇವತ್ತು, ಹಗಲು ಹೊತ್ತಿನಲ್ಲಿ, ಕೆದರಿದ ಜಡೆ ಹಾಕಿಕೊಂಡು ಬಂದು ಎದುರು ನಿಂತಿತ್ತು.

"ಗೊತ್ತಿಲ್ಲ," ಎಂದಳು. "ಹೆದರಿಕೊಂಡೇ ಹೆತ್ತೆ."

"ಈಗಲೂ ಹೆದರಿಕೆಯಾ?"

"ಈಗಲೂ."

"ತುಂಬಾನಾ?"

"ತುಂಬಾ."

ಮಗು ಅವಳ ಕೈ ಹಿಡಿಯಿತು. "ನಾನೂ ಬರ್ತೀನಿ. ಒಳಗೆ ಬರೋಲ್ಲ. ಹೊರಗೇ ಇರ್ತೀನಿ."

ಇಬ್ಬರೂ ಹತ್ತಿದರು. ಮಂಜಿನಲ್ಲಿ ಮಗು ಮುಂದೆ ಮುಂದೆ ಓಡಿ ಕಾಣೆಯಾಗುತ್ತಿತ್ತು. ಅಮ್ಮಾ ಎಂದು ಕೂಗುತ್ತಿತ್ತು, ಇದ್ದೀನಿ ಎಂದು ತಾಯಿ ಕೂಗಿದರೆ ಮತ್ತೆ ಓಡುತ್ತಿತ್ತು. ಮೇಲೆ ಬಂದು ಮಗುವನ್ನು ಅಂಗಳದಲ್ಲಿ ಬಿಟ್ಟು ಅವಳು ಒಳಗೆ ಹೋದಳು.

ಬೆನ್ನು ಕೊಟ್ಟು ಕೂತಳು. ಆಲಿಸುವವಳು ಕಿವಿಯಿಟ್ಟಳು. ಎಂದಿಗಿಂತ ಹೆಚ್ಚು ಹೊತ್ತು ಇಟ್ಟಳು. ಸ್ವಲ್ಪ ಕೆಳಕ್ಕೆ ಸರಿಸಿದಳು, ಮತ್ತೆ ಮೇಲಕ್ಕೆ ತಂದಳು, ಅಲ್ಲೇ ನಿಲ್ಲಿಸಿದಳು. ಹೊರಗೆ ಅಂಗಳದಲ್ಲಿ ಮಗು ದೊಡ್ಡಮ್ಮ ಕಲಿಸಿದ ಹಾಗೆ, ಆಚೆ ದಡಕ್ಕೆ ಕೇಳುವ ಹಾಗೆ, ಗಂಟಲು ಬಿಚ್ಚಿ ಹಾಡುತ್ತಿತ್ತು. ಹಾಡಿನ ಮಾತು ಮರೆತಾಗ ಬರೀ ಓ ಎನ್ನುತ್ತಿತ್ತು.

ಆಲಿಸುವವಳು ತಲೆಯೆತ್ತಿದಳು. "ಸರಿಯಾಗಿ ಕೇಳಿಸ್ತಿಲ್ಲ," ಎಂದಳು. "ಆ ಮಗುವಿಗೆ ಒಂದು ಗಳಿಗೆ ಸುಮ್ಮನಿರೋಕೆ ಹೇಳು."

ಅವಳು ಬಾಗಿಲ ಕಡೆ ತಿರುಗಿದಳು. ಕರೆಯಲು ಬಾಯಿ ತೆರೆದಳು. ಮಗು ಮಂಜಿನಲ್ಲಿ ಕಾಣುತ್ತಿರಲಿಲ್ಲ, ದನಿ ಮಾತ್ರ ಕೇಳುತ್ತಿತ್ತು.

"ಹೇಳ್ತೀನಿ ಅವ್ವಾ," ಎಂದಳು. "ಆ ಹಾಡೊಂದು ಮುಗಿಯಲಿ."

ಆಲಿಸುವವಳು ಕೈಕಟ್ಟಿ ಕೂತಳು. ಅವಳೂ ಕೂತಳು. ಹೊರಗೆ ಮಗು ಹಾಡು ಮುಗಿಸಿ, ಉಸಿರೆಳೆದುಕೊಂಡು, ಮತ್ತೆ ಮೊದಲಿನಿಂದ ಶುರು ಮಾಡಿತು.